ನೆಲ ಮುಟ್ಟದ ಪೊರಕೆ

ಭೂಮಿ ಇನ್ನೂ ಹೊಸದಾಗಿತ್ತು. ನದಿಗಳು ಹರಿಯುವುದನ್ನು ಆಗಷ್ಟೇ ಕಲಿಯುತ್ತಿದ್ದವು. ಆಗ ಆನೆಯ ಬಾಲ ಹಗ್ಗದ ತುಂಡಿನ ಹಾಗೆ ಬೋಳಾಗಿತ್ತು. ನಗಬೇಡಿ ಮಕ್ಕಳೇ, ಕತೆ ಇನ್ನೂ ಇದೆ.

ಆಫ್ರಿಕಾದ ಕೆಂಪು ಮಣ್ಣಿನ ಒಂದು ಬಯಲು. ಊರಿಗೂ ದೂರ, ನೀರಿಗೂ ದೂರ. ಅಲ್ಲಿ ನಾಸಿಯೆಕು ಎಂಬ ಕಾವಲುಗಾರ್ತಿ ಇದ್ದಳು. ದಂತದ ಆಸೆಗೆ ಆನೆ ಕೊಲ್ಲುವ ಕಳ್ಳರು ಬಂದು ಬಂದು, ಕೊನೆಗೆ ಆ ಬಯಲಿನಲ್ಲಿ ಉಳಿದವರು ಇಬ್ಬರೇ: ಆನೆಯಮ್ಮ ಮತ್ತು ಅವಳ ಮೂರು ದಿನದ ಮರಿ. ಮರಿಗೆ ಓಡಲು ಬಾರದು. ಮರಿಯನ್ನು ಬಿಟ್ಟು ತಾಯಿ ಓಡಳು.

ಕಳ್ಳರು ಹೆಜ್ಜೆ ಗುರುತು ಹಿಡಿದು ಬರುತ್ತಾರೆಂದು ನಾಸಿಯೆಕುಗೆ ಗೊತ್ತಿತ್ತು. ಕರಿ ತಾಳೆನಾರಿನ ಪೊರಕೆ ಕಟ್ಟಿದಳು. ಆನೆಯಮ್ಮ ಮುಂದೆ ನಡೆದಳು, ಇವಳು ಹಿಂದೆ ಗುಡಿಸಿದಳು. ಅವಳು ನಡೆದಳು, ಇವಳು ಗುಡಿಸಿದಳು. ಒಂದು ಹೆಜ್ಜೆಯೂ ಉಳಿಯದಂತೆ, ಚೊಕ್ಕಟವಾಗಿ.

ಅಷ್ಟರಲ್ಲಿ ಗಾಳಿಯಣ್ಣ ಓಡೋಡಿ ಬಂದ. "ತಂಗೀ, ಎಂಥ ಕೆಲಸ ಮಾಡಿಬಿಟ್ಟೆ! ಬಯಲಿನ ತುಂಬ ಮೊಲದ ಹೆಜ್ಜೆ, ಹುಳದ ಹೆಜ್ಜೆ. ನೀನು ಗುಡಿಸಿದ ದಾರಿ ಮಾತ್ರ ಮನೆಯಂಗಳದ ಹಾಗೆ ಹೊಳೆಯುತ್ತಿದೆ. ಕಳ್ಳರು ಅದನ್ನೇ ಹಿಡಿದು ಬರುತ್ತಿದ್ದಾರೆ!"

ನಾಸಿಯೆಕುಗೆ ಎದೆ ಒಡೆದಂತಾಯಿತು. "ಅಯ್ಯೋ ಅಣ್ಣಾ, ಕಾಯಲು ಹೋಗಿ ನಾನೇ ದಾರಿ ತೋರಿಸಿದೆನಲ್ಲ!"

ಆದರೆ ಅಳುತ್ತ ಕೂರುವ ಹೆಣ್ಣಲ್ಲ ಅವಳು. ಬಂದ ದಾರಿಯಲ್ಲೇ ಅರ್ಧ ಹಿಂದಕ್ಕೆ ಓಡಿದಳು. "ಇಲ್ಲಿಂದ ಆನೆಯಮ್ಮನವರೆಗಿನ ದಾರಿಗೆ ಧೂಳು, ತರಗೆಲೆ ಎರಚು ಅಣ್ಣಾ," ಎಂದಳು. ಗಾಳಿಯಣ್ಣ ಎರಚಿದ. ಅವಳು ಪಕ್ಕಕ್ಕೆ ತಿರುಗಿ, ಬಂಡೆಗುಡ್ಡದ ಕಡೆಗೆ ಹೊಸ ದಾರಿ ಗುಡಿಸತೊಡಗಿದಳು.

ಎರಡು ದಿನ ಗುಡಿಸಿದಳು. ಎರಡು ದಿನ ಕಳ್ಳರು ಅವಳ ಹಿಂದೆ ನಡೆದರು. ಗುಡ್ಡದಲ್ಲಿ ಹನಿ ನೀರಿಲ್ಲ. ದಂತವೂ ಬೇಡ, ಏನೂ ಬೇಡ, ಜೀವ ಉಳಿದರೆ ಸಾಕು ಎಂದು ಕಳ್ಳರು ಕಾಲೆಳೆಯುತ್ತ ಹಿಂದಿರುಗಿದರು. ನಾಸಿಯೆಕುಗೂ ನೀರಿರಲಿಲ್ಲ. ಪೊರಕೆ ಸವೆದು ಗೇಣುದ್ದ ಉಳಿದಾಗ ಅವಳು ಕುಸಿದು ಬಿದ್ದಳು.

ಗಾಳಿಯಣ್ಣ ಸುದ್ದಿ ಮುಟ್ಟಿಸಿದ. ಆನೆಯಮ್ಮ ಮರಿಯನ್ನು ಕರೆದುಕೊಂಡು ಬಂದಳು. ಗುಡ್ಡದ ಬುಡದ ಒಣ ಹೊಳೆಯಲ್ಲಿ ಮರಳು ಬಗೆದು, ಸೊಂಡಿಲಿನಲ್ಲಿ ನೀರು ತಂದು ಅವಳ ಬಾಯಿಗೆ ಬಿಟ್ಟಳು.

"ನಿನ್ನ ಕೈಯೆಲ್ಲ ರಕ್ತ. ಸಾಕು ಮಗಳೇ. ಇನ್ನು ನನ್ನ ಹೆಜ್ಜೆ ನಾನೇ ಗುಡಿಸಿಕೊಳ್ಳುತ್ತೇನೆ. ಆ ಪೊರಕೆಯನ್ನು ನನ್ನ ಬಾಲಕ್ಕೆ ಕಟ್ಟು."

ನಾಸಿಯೆಕು ಕಟ್ಟಿದಳು. ಆನೆಯಮ್ಮ ಬೀಗುತ್ತ ನಾಲ್ಕು ಹೆಜ್ಜೆ ನಡೆದಳು. ನಾಸಿಯೆಕುಗೆ ನಗು ತಡೆಯಲಾಗಲಿಲ್ಲ.

"ಅಮ್ಮಾ, ಪೊರಕೆ ನೆಲಕ್ಕೇ ತಾಗುತ್ತಿಲ್ಲ!"

ಆನೆಯಮ್ಮ ತಿರುಗಿ ನೋಡಿದಳು. "ತಾಗದಿದ್ದರೇನು? ಹಿಂದೆ ನೀನಿದ್ದೀಯಲ್ಲ."

ಅದಕ್ಕೇ ಇಂದಿಗೂ ಆನೆಯ ಬಾಲದ ತುದಿಯಲ್ಲಿ ಕರಿ ಕೂದಲಿನ ಕುಚ್ಚೊಂದು ನೆಲಕ್ಕೆ ತಾಗದೆ ತೂಗಾಡುತ್ತಿರುತ್ತದೆ; ಅದರ ಹಿಂದೆ, ಸ್ವಲ್ಪ ದೂರದಲ್ಲಿ, ಕಾವಲಿನವರೊಬ್ಬರು ನಡೆದು ಬರುತ್ತಿರುತ್ತಾರೆ.