ನಿಂಬೆಯ ಕಜ್ಜಿ

"ಗುರುಗಳೇ, ತನ್ನ ತಪ್ಪು ತನಗೇ ತಿಳಿದರೆ ಮನುಷ್ಯ ತಿದ್ದಿಕೊಳ್ಳುತ್ತಾನಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

"ತಿಳಿಯುವುದೊಂದೇ ಕಷ್ಟ ಎಂದುಕೊಂಡಿದ್ದೀಯಲ್ಲ, ಬಹಳ ಸಂತೋಷವಪ್ಪ. ಕೇಳು" ಎಂದರು ಗುರುಗಳು.

ಒಬ್ಬ ರೈತನಿಗೆ ನಿಂಬೆಯ ತೋಟವಿತ್ತು. ಒಬ್ಬ ವರ್ತಕ ಅವನ ಹಣ್ಣು ಕೊಂಡು ಕಡಲಾಚೆಯ ದೇಶಕ್ಕೆ ಕಳಿಸುತ್ತಿದ್ದ. ಅಲ್ಲಿಯವರು ಸಿಪ್ಪೆಯ ಮೇಲೆ ಕಜ್ಜಿ ರೋಗದ ಒಂದು ಚುಕ್ಕೆ ಕಂಡರೂ ಇಡೀ ಸರಕನ್ನು ಹಿಂದಿರುಗಿಸುವವರು. ಆದ್ದರಿಂದ ರೈತ ರೋಗದ ಕೊಂಬೆ ಕಂಡಲ್ಲೆಲ್ಲ ಕತ್ತಿಯಿಂದ ಸವರಿ ಸುಡುತ್ತಿದ್ದ. ಕೊಂಬೆಯನ್ನು ಸುಡುತ್ತಿದ್ದ, ಕತ್ತಿಯನ್ನು ಮಾತ್ರ ಬೆಂಕಿಗೆ ಹಿಡಿಯುತ್ತಿರಲಿಲ್ಲ. ಅದೇ ಕತ್ತಿ ಹಿಡಿದು ಮುಂದಿನ ಗಿಡಕ್ಕೆ ಹೋಗುತ್ತಿದ್ದ.

ಬೇಲಿಯಾಚೆ ಒಬ್ಬ ವಿಧವೆಗೆ ಕೆಲವು ನಿಂಬೆ ಗಿಡಗಳಿದ್ದವು. ಕಾಯಿಯನ್ನು ಉಪ್ಪಿನಕಾಯಿಗೆ ಮಾರಿ ಅವಳು ಬದುಕುತ್ತಿದ್ದಳು. ಪಾಪ, ಗಂಡಸಿಲ್ಲದ ಮನೆ ಎಂದು ರೈತ ತನ್ನ ತೋಟದ ಕೆಲಸ ಮುಗಿಸಿ ಅವಳ ಗಿಡಗಳನ್ನೂ ಸವರಿಕೊಡುತ್ತಿದ್ದ. ಉಪಕಾರದಲ್ಲಿ ಅವನು ಹಿಂದೆ ಬೀಳುವವನಲ್ಲ.

ಒಂದು ವರ್ಷ ಎರಡೂ ಕಡೆ ಕಜ್ಜಿ ಜೋರಾಗಿ ಎದ್ದಿತು. ವರ್ತಕ ಹಣ್ಣು ನೋಡಿ, ಬೇಡವೆಂದು ಹೊರಟುಹೋದ. ರೋಗ ಬೇಲಿಯಾಚೆಯಿಂದ ಬಂದಿದೆ ಎಂದು ರೈತ ಊರ ಹಿರಿಯರಿಗೆ ದೂರಿದ.

"ಅಣ್ಣಾ, ಕಜ್ಜಿ ಎದ್ದಿರೋದು ನೀನು ಸವರಿದ ಕೊಂಬೆಗಳಲ್ಲೇ. ಒಂದು ಸಲ ಬಂದು ನೋಡು. ಈ ಗಿಡ ಹೋದರೆ ನನಗೆ ಗಂಜಿಗೂ ಗತಿಯಿಲ್ಲ" ಎಂದಳು ಅವಳು.

"ನಿನ್ನ ಉಪ್ಪಿನಕಾಯಿಗೋಸ್ಕರ ಊರಿನ ವ್ಯಾಪಾರ ಕೆಡಬೇಕೇನಮ್ಮ?" ಎಂದ ರೈತ. ನೋಡಲು ಹೋಗಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಹಿರಿಯರು ಎಲ್ಲ ಊರಿನಲ್ಲೂ ಇರುತ್ತಾರೆ. ಅವಳ ಗಿಡಗಳನ್ನು ಬುಡಸಮೇತ ಕಡಿಸಿ ಸುಡಿಸಿದರು. ಅವಳು ಕಂಡವರ ಹೊಲದಲ್ಲಿ ಕಳೆ ಕೀಳಲು ಹೋದಳು.

ಮರುವರ್ಷ ರೈತನ ತೋಟದಲ್ಲಿ ಮತ್ತೆ ಕಜ್ಜಿ ಬಂತು. ದೂರೋಣವೆಂದರೆ ಬೇಲಿಯಾಚೆ ಬರಿ ನೆಲ. ಆಗ ಅವನು ಗಿಡದ ಬಳಿ ಕೂತು ನೋಡಿದ. ಕತ್ತಿ ತಾಗಿದಲ್ಲೆಲ್ಲ ಕಜ್ಜಿಯಿತ್ತು. ತಾಗದ ಗಿಡಗಳು ಹಸನಾಗಿದ್ದವು. ಅವನು ಕೈಯಲ್ಲಿದ್ದ ಕತ್ತಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹಾಗಾದರೆ ಅವನಿಗೆ ತಿಳಿಯಿತಲ್ಲ!" ಎಂದ ಶಿಷ್ಯ. "ಆ ಹೆಂಗಸಿನ ಮುಂದೆ ಹೋಗಿ ಒಪ್ಪಿಕೊಂಡನೇ?"

ಗುರುಗಳು ಹೇಳಿದರು: "ಚೆನ್ನಾಗಿಯೇ ತಿಳಿಯಿತಪ್ಪ, ದೂರಲು ಆ ಬರಿ ನೆಲದಾಚೆ ಇನ್ನು ಯಾರ ತೋಟವಿದೆ ಎಂದು ಅವತ್ತೇ ವಿಚಾರಿಸತೊಡಗಿದ."