ಪಾತ್ರೆ ವ್ಯಾಪಾರಿ ವಿಮಾನಕ್ಕೆ ಟ್ಯಾಂಕು ಕೂರಿಸಿದ್ದು

"ಅಜ್ಜಾರೇ, ಉಪಕಾರದ ಋಣ ಪೂರ್ತಿಯಾಗಿ ತೀರುವುದು ಹೇಗೆ?" ಎಂದು ಕೊಟ್ರಯ್ಯ ಗುರುಗಳನ್ನು ಕೇಳಿದ.

ಕೊಟ್ರಯ್ಯ ಮಠದ ಹಳೆಯ ಶಿಷ್ಯ. ಹೆಂಡತಿ ಮಕ್ಕಳಿರುವ ಗೃಹಸ್ಥ. ಹಿಂದಿನ ಬೇಸಿಗೆಯಲ್ಲಿ ಅವನು ಜ್ವರದಿಂದ ಮಲಗಿದ್ದಾಗ ಪಕ್ಕದ ಮನೆಯವನು ಬಂದು, ಎತ್ತಿ ಕೂರಿಸಿ, ಗಂಜಿ ಕುಡಿಸಿ ಹೋಗುತ್ತಿದ್ದ. ಗುಣವಾದ ಮೇಲೆ ಕೊಟ್ರಯ್ಯ ಅವನಿಗೆ ಜೋಳ ಕಳಿಸಿದ. ಧೋತರ ಕಳಿಸಿದ. ಆದರೂ ಮನಸ್ಸಿಗೆ ಸಮಾಧಾನವಿರಲಿಲ್ಲ. ಆ ನೆರೆಯವನು ಎದುರಿಗೆ ಬರುವುದು ಕಂಡರೆ ಕೊಟ್ರಯ್ಯ ಬೇರೆ ಓಣಿ ಹಿಡಿಯುತ್ತಿದ್ದ.

"ಇನ್ನು ಏನು ಕೊಟ್ಟರೆ ಸರಿಹೋದೀತು, ತಾವೇ ಅಪ್ಪಣೆ ಕೊಡಿಸಬೇಕು," ಎಂದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಒಳ್ಳೆಯವನು. ಕೇಳಿ ಬಂದವರಿಗೆ ಇಲ್ಲ ಎಂದವನಲ್ಲ. ಮದುವೆ ಮನೆಗೆ ಕೊಳಗ ಕೊಡುತ್ತಿದ್ದ, ತೊಟ್ಟಿಲ ಮನೆಗೆ ಬಟ್ಟಲು ಕೊಡುತ್ತಿದ್ದ. ಆದರೆ ಯಾರ ಉಪಕಾರವನ್ನೂ ಮೈಮೇಲೆ ಇಟ್ಟುಕೊಳ್ಳುತ್ತಿರಲಿಲ್ಲ. ನೆರೆಯವರು ಹೋಳಿಗೆ ಕಳಿಸಿದರೆ ಸಂಜೆಯೊಳಗೆ ಅವರ ಮನೆಗೆ ಹೊಸ ಡಬ್ಬಿ ಹೋಗುತ್ತಿತ್ತು. ದಾರಿಯಲ್ಲಿ ಹೋಗುವವರು ಅಂಗಡಿಯ ಬಾಗಿಲು ಎಳೆಯಲು ಕೈ ಹಾಕಿದರೆ, ಅವರ ಹೆಸರು ಕೊರೆಸಿದ ಚೊಂಬು ಅವರನ್ನು ಹುಡುಕಿಕೊಂಡು ಹೋಗುತ್ತಿತ್ತು. ಜನ ಅವನನ್ನು ಹೊಗಳಿದರು. ಹೊಗಳುತ್ತ ಹೊಗಳುತ್ತ ಅವನ ಮನೆಯ ಕಡೆ ಬರುವುದನ್ನು ಬಿಟ್ಟರು. ಜಗಲಿ ಬರಿದಾಯಿತು. ಯಾಕೆ ಎಂದು ಅವನಿಗೆ ತಿಳಿಯಲಿಲ್ಲ.

ಅವನಿಗೆ ತಾಯಿಯ ಮುಖ ನೆನಪಿಲ್ಲ. ಸಾಕಿದವಳು ಅತ್ತಿಗೆ. ಅವಳ ಗಂಡ, ಅಂದರೆ ಇವನ ಅಣ್ಣ, ಕಾರ್ಖಾನೆಯಲ್ಲಿ ದುಡಿದು ವಯಸ್ಸಾದ ಮೇಲೆ ಊರಿಗೆ ಬಂದವನು. ಅವನಿಗೊಂದು ಹುಚ್ಚಿತ್ತು. ಹಗುರ ಮರದಲ್ಲಿ ತೋಳುದ್ದದ ವಿಮಾನ ಮಾಡಿ, ಅದರ ಮೂತಿಗೆ ಸಣ್ಣದೊಂದು ಎಂಜಿನ್ ಕಟ್ಟಿ, ಊರ ಹೊರಗಿನ ಬಯಲಿನಲ್ಲಿ ಹಾರಿಸುತ್ತಿದ್ದ. ನೆಲದ ಮೇಲೆ ನಿಂತು ಕೈಯಲ್ಲಿರುವ ರೇಡಿಯೋ ಪೆಟ್ಟಿಗೆಯ ಕಡ್ಡಿ ಸರಿಸಿದರೆ ಮೇಲಿನ ವಿಮಾನ ಹೇಳಿದಂತೆ ತಿರುಗುತ್ತಿತ್ತು. ವಿಮಾನವನ್ನು ಎತ್ತಿ ಗಾಳಿಗೆ ಎಸೆಯಲು ಊರಿನ ದರ್ಜಿ ಜೊತೆಗೆ ಹೋಗುತ್ತಿದ್ದ. ಎಷ್ಟೋ ಸಲ ಅಣ್ಣ ಆ ಪೆಟ್ಟಿಗೆಯನ್ನು ದರ್ಜಿಯ ಕೈಗೇ ಕೊಟ್ಟು ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದ. ಇಬ್ಬರೂ ಮನೆಗೆ ಬಂದಾಗ ಅತ್ತಿಗೆ, "ಊಟದ ಹೊತ್ತು ಮೀರಿದರೂ ಇವರ ಹಕ್ಕಿ ಗೂಡಿಗೆ ಬರುವುದಿಲ್ಲ," ಎಂದು ಬೈಯುತ್ತ ಇಬ್ಬರಿಗೂ ಬಡಿಸುತ್ತಿದ್ದಳು.

ಅಣ್ಣ ಕಾಯಿಲೆ ಬಿದ್ದು ತೀರಿಕೊಂಡ. ಅವನನ್ನು ಆಸ್ಪತ್ರೆಗೆ ಕರೆದೊಯ್ದು ಕರೆತಂದವನು ದರ್ಜಿ. ಕೊನೆಗೆ ಹೆಗಲು ಕೊಟ್ಟವನೂ ಅವನೇ. ದಿನಕರ್ಮ ಮುಗಿದ ಕೂಡಲೇ ವ್ಯಾಪಾರಿ ಅವನ ಮನೆಗೆ ತಾಮ್ರದ ಹಂಡೆ ಕಳಿಸಿದ. ಹಂಡೆಯ ಕಂಠದ ಮೇಲೆ ದರ್ಜಿಯ ಹೆಸರನ್ನು ಅಂದವಾಗಿ ಕೊರೆಸಿದ್ದ. ದರ್ಜಿ ಹಂಡೆಯನ್ನು ಒಳಗಿಟ್ಟುಕೊಂಡ. ಆಮೇಲೆ ಅತ್ತಿಗೆಯ ಅಡುಗೆಮನೆಯ ಕಡೆಗೆ ಅವನ ಹೆಜ್ಜೆ ಬೀಳಲಿಲ್ಲ.

ವರ್ಷ ತುಂಬುತ್ತ ಬಂತು. ಅಷ್ಟರಲ್ಲಿ ಅತ್ತಿಗೆಯ ಕಣ್ಣು ಮಂಜಾಗಿತ್ತು. ಒಂದು ದಿನ ಬಡಿಸುತ್ತ ಹೇಳಿದಳು:

"ತಮ್ಮಾ, ಬರುವ ಸೋಮವಾರ ನಿಮ್ಮ ಅಣ್ಣನ ವರ್ಷದ ದಿನ. ಆ ವಿಮಾನದ ಸದ್ದು ಇನ್ನೊಂದು ಸಲ ಕೇಳಬೇಕು ಅನ್ನಿಸಿದೆ. ಮೇಲೆ ಹೋಗಿ, ದೂರ ಹೋಗಿ, ಮತ್ತೆ ತಿರುಗಿ ಬರುತ್ತಿತ್ತಲ್ಲ, ಆ ಸದ್ದು. ಹಾರುವುದು ಕಾಣಿಸದು. ಕಿವಿ ಇನ್ನೂ ಇದೆ."

ಅವಳು ಅವನನ್ನು ಏನೂ ಕೇಳಿದವಳಲ್ಲ. ಅವನು ತಂದ ಸೀರೆಗಳು ಪೆಟ್ಟಿಗೆಯಲ್ಲೇ ಮಡಿಕೆ ಮುರಿಯದೆ ಕೂತಿದ್ದವು. ಈಗ ಬಾಯಿಬಿಟ್ಟು ಕೇಳಿದ್ದಳು. ವ್ಯಾಪಾರಿಯ ಎದೆ ತುಂಬಿತು. ಸಾಕಿದ ಋಣ ತೀರಿಸಲು ಕಡೆಗೂ ದಾರಿ ಸಿಕ್ಕಿತು ಎಂದುಕೊಂಡ. ಇದನ್ನು ತನ್ನ ಕೈಯಾರೆ ಮಾಡಬೇಕು, ಬೇರೆ ಯಾರ ಕೈಯೂ ಸೋಕಬಾರದು ಎಂದೂ ನಿಶ್ಚಯಿಸಿದ.

ವಿಮಾನವನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿದ. ರೆಕ್ಕೆ ನೆಟ್ಟಗಿತ್ತು. ಎಂಜಿನ್ ಕೈಗೆ ತಿರುಗಿತು. ಹೊಟ್ಟೆಯೊಳಗಿನ ಎಣ್ಣೆಯ ಟ್ಯಾಂಕು ಮಾತ್ರ ಒಣಗಿ ಬಿರುಕು ಬಿಟ್ಟಿತ್ತು. ಪೇಟೆಗೆ ಹೋಗಿ ಹೊಸ ಟ್ಯಾಂಕನ್ನೂ ಎಂಜಿನ್ನಿಗೆ ಬೇಕಾದ ಎಣ್ಣೆಯನ್ನೂ ತಂದ.

ಸುದ್ದಿ ದರ್ಜಿಗೆ ಮುಟ್ಟಿತು. ಅಂಗಡಿಯ ಮುಂದೆ ಬಂದು ನಿಂತ.

"ಸಾವ್ಕಾರ್ರೇ, ವಿಮಾನ ಅಟ್ಟದಿಂದ ಇಳಿದಿದೆಯಂತೆ. ನಾನು ಬರಲೇ?"

"ನಿಮಗೆ ಯಾಕೆ ತೊಂದರೆ, ಮಾಸ್ಟರೇ? ನಾನೇ ಮಾಡಿಕೊಳ್ಳುತ್ತೇನೆ."

"ಬರುವುದೇನೂ ತೊಂದರೆ ಅಲ್ಲ. ಬಂದರೆ ಇನ್ನೊಂದು ಹಂಡೆ ಕೊಟ್ಟುಬಿಡುತ್ತೀರಲ್ಲ, ಅದನ್ನು ಇಡಲು ನಮ್ಮ ಮನೆಯಲ್ಲಿ ಜಾಗವಿಲ್ಲ," ಎಂದು ದರ್ಜಿ ನಕ್ಕು ಹೊರಟುಹೋದ.

ವ್ಯಾಪಾರಿಗೆ ಆ ಮಾತು ಹೊಗಳಿಕೆಯಂತೆ ಕೇಳಿಸಿತು.

ಅವನು ಟ್ಯಾಂಕಿನ ಕೆಲಸಕ್ಕೆ ಕೂತ. ಅದು ಅಂಗೈಯಗಲದ ಪ್ಲಾಸ್ಟಿಕ್ ಸೀಸೆ. ಬಾಯಿಗೆ ರಬ್ಬರ್ ಬಿರಡೆ. ಬಿರಡೆಯ ಮೂಲಕ ಎರಡು ಹಿತ್ತಾಳೆ ಕೊಳವೆ. ಒಂದರ ಒಳತುದಿಗೆ ಮೆತ್ತನೆಯ ನಳಿಗೆ, ಅದರ ಕೊನೆಗೆ ಒಂದು ಪುಟ್ಟ ತೂಕದ ಗುಂಡು. ವಿಮಾನ ಎತ್ತ ವಾಲಿದರೂ ಗುಂಡು ಎಣ್ಣೆ ಇರುವ ಕಡೆಗೇ ಜಾರಿ, ಅಲ್ಲಿಂದ ಎಂಜಿನ್ನಿಗೆ ಎಣ್ಣೆ ಕೊಡುತ್ತದೆ. ಇನ್ನೊಂದು ಕೊಳವೆ ಒಳಗೆ ಮೇಲ್ಮುಖವಾಗಿ ಬಾಗಿ, ಹೊರಗೆ ಬರಿಗಾಳಿಗೆ ತೆರೆದುಕೊಂಡಿರುತ್ತದೆ. ವ್ಯಾಪಾರಿ ಹಳೆಯ ಟ್ಯಾಂಕನ್ನು ಪಕ್ಕದಲ್ಲಿಟ್ಟುಕೊಂಡು, ಅದನ್ನು ನೋಡಿ ನೋಡಿ ಹೊಸದನ್ನು ಜೋಡಿಸಿದ. ಗುಂಡು ಗೋಡೆಗೆ ತಾಗದೆ ಸರಾಗವಾಗಿ ಆಡುತ್ತದೆಯೇ ಎಂದು ಅಲುಗಾಡಿಸಿ ನೋಡಿದ. ಎಂಜಿನ್ನಿನ ಅದುರಾಟಕ್ಕೆ ಎಣ್ಣೆ ನೊರೆಯಾಗದಿರಲಿ ಎಂದು ಸುತ್ತಲೂ ಸ್ಪಂಜು ಸುತ್ತಿದ. ಕೆಲಸ ಶುದ್ಧವಾಗಿತ್ತು.

ಆಮೇಲೆ ಅವನು ಪಾತ್ರೆ ವ್ಯಾಪಾರಿ ಮಾಡುವುದನ್ನು ಮಾಡಿದ. ಟ್ಯಾಂಕಿಗೆ ಎಣ್ಣೆ ತುಂಬಿ, ಸೋರುತ್ತದೆಯೇ ಎಂದು ಬೋರಲು ಹಿಡಿದ. ಎರಡನೆಯ ಕೊಳವೆಯ ತುದಿಯಲ್ಲಿ ಒಂದು ಹನಿ ಮೂಡಿ, ರೆಕ್ಕೆಗೆ ಅಣ್ಣ ಬಳಿದಿದ್ದ ಬಣ್ಣದ ಮೇಲೆ ಬಿತ್ತು. ಅವನ ಜೀವ ಚುರುಕ್ ಎಂದಿತು. ಸೋರುವ ಪಾತ್ರೆಯನ್ನು ಅವನು ಗಿರಾಕಿಗೆ ಕೊಟ್ಟವನಲ್ಲ. ಅತ್ತಿಗೆಗೆ ಕೊಡುವ ಕೆಲಸದಲ್ಲಿ ಸೋರಿಕೆ ಇರಬಹುದೇ? ಮೇಣ ಕಾಯಿಸಿ ಆ ಕೊಳವೆಯ ಬಾಯಿ ಮುಚ್ಚಿದ. ಮತ್ತೆ ಬೋರಲು ಹಿಡಿದ. ಹನಿ ಬೀಳಲಿಲ್ಲ. ತೃಪ್ತಿಯಾಯಿತು.

ಅಂಗಳದಲ್ಲಿ ಎಂಜಿನ್ ಚಾಲೂ ಮಾಡಿದ. ಜೋರಾಗಿ ಕೂಗಿತು. ಅತ್ತಿಗೆ ಒಳಗಿನಿಂದ ಎದ್ದು ಬರುವಷ್ಟರಲ್ಲಿ ಕೆಮ್ಮಿ ನಿಂತುಹೋಯಿತು. ಮತ್ತೆ ಮಾಡಿದ. ಮತ್ತೆ ಕೂಗಿತು, ಮತ್ತೆ ನಿಂತಿತು. ಎಣ್ಣೆ ತುಂಬಿದೆ, ಕೊಳವೆ ಸರಿಯಿದೆ, ಆದರೂ ಎಂಜಿನ್ ಹಸಿದು ಸಾಯುತ್ತಿತ್ತು. ಟ್ಯಾಂಕನ್ನು ಹೊರಗೆಳೆದು ನೋಡಿದರೆ ಅದರ ಎರಡೂ ಪಕ್ಕ, ಉಪವಾಸ ಬಿದ್ದವನ ಕೆನ್ನೆಯಂತೆ ಒಳಗೆ ಹೋಗಿದ್ದವು. ಮಾಲು ತೆಳುವಾಗಿದೆ ಎಂದು ಪೇಟೆಯವನನ್ನು ಬೈದುಕೊಂಡ. ಸೋಮವಾರ ಹತ್ತಿರ ಬಂದಿತ್ತು. ಅತ್ತಿಗೆ ಏನೂ ಕೇಳಲಿಲ್ಲ. ಅವಳು ಕೇಳದೆ ಇದ್ದದ್ದೇ ಅವನಿಗೆ ಭಾರವಾಯಿತು.

ಭಾನುವಾರ ಬೆಳಿಗ್ಗೆ ಅವಳು ಅಡುಗೆಮನೆಯಿಂದ ಕರೆದಳು. ಅಡುಗೆ ಎಣ್ಣೆಯ ಹೊಸ ಡಬ್ಬ ಒಡೆಯಬೇಕಾಗಿತ್ತು. ಅವಳಿಗೆ ಮೊಳೆ ಕಾಣುತ್ತಿರಲಿಲ್ಲ. ವ್ಯಾಪಾರಿ ಡಬ್ಬದ ಮೂಲೆಗೆ ಮೊಳೆ ಇಟ್ಟು ಹೊಡೆದ. ಡಬ್ಬ ಬಗ್ಗಿಸಿದ. ಎಣ್ಣೆ ಒಂದು ಎಳೆ ಬಂತು, ಗುಳುಗುಳು ಎಂದಿತು, ನಿಂತಿತು.

"ಆ ಕಡೆ ಮೂಲೆಗೂ ಒಂದು ತೂತು ಹಾಕಪ್ಪಾ," ಎಂದಳು ಅತ್ತಿಗೆ. "ಗಾಳಿ ಒಳಗೆ ಬಂದರೆ ತಾನೆ ಎಣ್ಣೆ ಹೊರಗೆ ಹೋಗುವುದು? ಜನ್ಮವೆಲ್ಲ ಪಾತ್ರೆ ಮಾರಿದೆ, ಸುರಿಯುವುದನ್ನು ಕಲಿಯಲಿಲ್ಲ ನೋಡು."

ಅವನು ಇನ್ನೊಂದು ತೂತು ಹಾಕಿದ. ಎಣ್ಣೆ ನೂಲಿನಂತೆ ಇಳಿಯಿತು. ಅವನು ಡಬ್ಬ ಹಿಡಿದುಕೊಂಡೇ ನಿಂತುಬಿಟ್ಟ. "ಸಾಕೋ, ಚೆಲ್ಲುತ್ತಿದೆ," ಎಂದು ಅತ್ತಿಗೆ ಕೈ ಹಿಡಿದಳು.

ಅಂಗಳಕ್ಕೆ ಬಂದು ಕೊಳವೆಯ ಮೇಣ ಕೆರೆದು ತೆಗೆದ. ಎಂಜಿನ್ ಚಾಲೂ ಮಾಡಿದ. ಈ ಸಲ ಅದು ನಿಲ್ಲಲಿಲ್ಲ. ಒಂದೇ ಸಮನೆ ಹಾಡಿತು. ಅತ್ತಿಗೆ ಹೊಸ್ತಿಲ ಮೇಲೆ ಬಂದು ನಿಂತಳು. ಅವಳ ಮುಖ ಅರಳಿತು.

"ಇದೇ ಸದ್ದು," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಆದರೆ ಕೂತಲ್ಲೇ ಕೂತಿದೆಯಲ್ಲಪ್ಪಾ," ಎಂದಳು.

ವ್ಯಾಪಾರಿ ಎಂಜಿನ್ ನಿಲ್ಲಿಸಿದ. ಹಾರಿಸುವುದು ಅವನಿಗೆ ಗೊತ್ತಿರಲಿಲ್ಲ. ವಿಮಾನ ಎಸೆಯಲು ಒಬ್ಬ, ರೇಡಿಯೋ ಪೆಟ್ಟಿಗೆ ಹಿಡಿಯಲು ಇನ್ನೊಬ್ಬ ಬೇಕು. ಅವನು ವಿಮಾನದ ಮುಂದೆ ಕುಕ್ಕುರುಗಾಲಿನಲ್ಲಿ ಕೂತ. ತೆರೆದ ಕೊಳವೆಯ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು. ಒರೆಸಲು ಹೋದ ಕೈ ಹಿಂದೆ ಬಂತು. ತಾನು ಇಷ್ಟು ಕಾಲ ಊರಿಗೆಲ್ಲ ಸುರಿದಿದ್ದೇನೆ, ಯಾರದನ್ನೂ ಒಳಗೆ ಬಿಟ್ಟುಕೊಂಡಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಜಗಲಿ ಯಾಕೆ ಬರಿದಾಯಿತು ಎಂಬುದೂ ಹೊಳೆಯಿತು.

ದರ್ಜಿಯ ಮನೆಗೆ ಹೊರಟ. ದಾರಿಯಲ್ಲಿ ಅಂಗಡಿ. ರೂಢಿಯಂತೆ ಒಳಗೆ ಹೋಗಿ ಒಂದು ಮುಚ್ಚಳದ ಡಬ್ಬಿ ಎತ್ತಿಕೊಂಡ. ನಿಂತು ಯೋಚಿಸಿದ. ಡಬ್ಬಿಯನ್ನು ಅಲ್ಲೇ ಇಟ್ಟು ಬರಿಗೈಯಲ್ಲಿ ನಡೆದ. ಆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ. ಒಮ್ಮೆ ಹಿಂದೆ ಕಟ್ಟಿದ, ಒಮ್ಮೆ ಜೇಬಿಗೆ ಹಾಕಿದ.

ದರ್ಜಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ.

"ಏನು ಸಾವ್ಕಾರ್ರೇ, ಕೈ ಬೀಸಿಕೊಂಡು ಬಂದಿರಿ? ಪಾತ್ರೆ ಹಿಂದಿನ ಗಾಡಿಯಲ್ಲಿ ಬರುತ್ತಿದೆಯೋ?"

"ಇಲ್ಲ ಅಣ್ಣಾ. ಏನೂ ತಂದಿಲ್ಲ." ವ್ಯಾಪಾರಿ ಬರಿಗೈ ತೋರಿಸಿದ. "ವಿಮಾನ ಹಾರಿಸಲು ನನಗೆ ಬರುವುದಿಲ್ಲ. ಅತ್ತಿಗೆ ಕೇಳಿದ್ದಾಳೆ. ನೀವು ಬರಬೇಕು."

ದರ್ಜಿ ದಾರ ಕತ್ತರಿಸಿದ. ಕೊರಳಲ್ಲಿದ್ದ ಅಳತೆಯ ಪಟ್ಟಿ ತೆಗೆದು ಯಂತ್ರದ ಮೇಲಿಟ್ಟ.

"ಇಷ್ಟು ಹೇಳಲು ನಿಮಗೆ ಒಂದು ವರ್ಷ ಹಿಡಿಯಿತೇ?" ಎಂದ. ಬೈದಂತೆ ಹೇಳಿದ. ಆದರೆ ಅವನ ಕಣ್ಣು ತುಂಬಿತ್ತು.

ಸೋಮವಾರ ಬಯಲಿನಲ್ಲಿ ಚಾಪೆ ಹಾಸಿ ಅತ್ತಿಗೆಯನ್ನು ಕೂರಿಸಿದರು. ದರ್ಜಿ ಪೆಟ್ಟಿಗೆ ಹಿಡಿದ. ವ್ಯಾಪಾರಿ ವಿಮಾನವನ್ನು ತಲೆಯ ಮೇಲೆ ಎತ್ತಿ ಓಡಿ, ಗಾಳಿಗೆ ಎದುರಾಗಿ ಎಸೆದ. ಅದು ಒಂದು ಗಳಿಗೆ ತಗ್ಗಿತು. ಆಮೇಲೆ ಏರಿತು. ಬಯಲಿನ ತುದಿಗೆ ಹೋಯಿತು. ಅಲ್ಲಿ ಗಾಳಿಯಲ್ಲೇ ಬೋರಲಾಗಿ ಒಂದು ಸುತ್ತು ಹೊಡೆಯಿತು. ಎಂಜಿನ್ ತಡವರಿಸಲಿಲ್ಲ. ಸದ್ದು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ತಿರುಗಿತು, ದೊಡ್ಡದಾಗುತ್ತ ಬಂತು. ತಲೆಯ ಮೇಲೆ ಬಂದಾಗ ಅತ್ತಿಗೆ ಸೆರಗನ್ನು ತಲೆಗೆ ಎಳೆದುಕೊಂಡು ಕೈ ಮುಗಿದಳು.

ವಿಮಾನ ಇಳಿದ ಮೇಲೆ ವ್ಯಾಪಾರಿ ಅವಳ ಪಾದಕ್ಕೆ ಹಣೆ ಹಚ್ಚಿದ. ತೀರಿಸಿದೆ ಎಂಬ ಮಾತು ಅವನ ಮನಸ್ಸಿನಲ್ಲೂ ಬರಲಿಲ್ಲ. ಇವಳ ಕೈಯಲ್ಲಿ ಬೆಳೆಯುವ ಭಾಗ್ಯ ತನಗೆ ಸಿಕ್ಕಿತಲ್ಲ ಎಂದು ಮಾತ್ರ ಅನ್ನಿಸಿತು. ಅವಳು ಅವನ ತಲೆ ಸವರಿ, "ಏಳು. ಇಬ್ಬರಿಗೂ ಹಸಿವಾಗಿರಬೇಕು," ಎಂದಳು. ಅಂದು ಅವಳ ಅಡುಗೆಮನೆಯಲ್ಲಿ ಎರಡು ಎಲೆ ಹಾಕಿದರು.

ಮರುದಿನ ವ್ಯಾಪಾರಿ ದರ್ಜಿಗೆ ಏನನ್ನೂ ಕಳಿಸಲಿಲ್ಲ. ತಾನೇ ಹೋದ. ಅವನ ಹೆಂಡತಿ ಮಜ್ಜಿಗೆ ಕೊಟ್ಟಳು. ಕುಡಿದು, ಹೊತ್ತು ಹೋಗುವವರೆಗೆ ಮಾತಾಡಿ ಬಂದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕೊಟ್ರಯ್ಯ ಕಾದ. ಕತೆ ಮುಂದುವರಿಯಲಿಲ್ಲ.

"ಹಾಗಾದರೆ, ಅಜ್ಜಾರೇ, ದರ್ಜಿಯ ಋಣ ಹಾಗೇ ಉಳಿದುಹೋಯಿತಲ್ಲ? ವ್ಯಾಪಾರಿ ಅದನ್ನು ತೀರಿಸಲೇ ಇಲ್ಲವೇ?"

ಗುರುಗಳು ಹೇಳಿದರು:

"ತೀರಿಸಿಬಿಟ್ಟಿದ್ದರೆ, ಕೊಟ್ರಯ್ಯಾ, ಮತ್ತೆ ಅವನ ಮನೆಗೆ ಹೋಗಲು ಏನು ಉಳಿಯುತ್ತಿತ್ತು?"