ದೋಣಿ ಮುಗಿಯಿತು ಎಂದವರು

ಹೊಳೆ ಸಮುದ್ರ ಸೇರುವ ಕಡೆ ಜನ ದಾಟುವ ಒಂದು ಕಡವು ಇತ್ತು. ಅಲ್ಲಿ ದೋಣಿ ನಡೆಸುತ್ತಿದ್ದವಳು ಅಂಬಿಗರ ಮಾಸ್ತಮ್ಮ. ಅತ್ತೆಯ ಕೈಯಿಂದ ಹುಟ್ಟು ಅವಳ ಕೈಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಸಂತೆಗೆ ಹೋಗುವವರು, ಶಾಲೆಯ ಮಕ್ಕಳು, ಹೆರಿಗೆಗೆ ತವರಿಗೆ ಹೊರಟ ಬಸುರಿಯರು, ಎಲ್ಲರೂ ಅವಳನ್ನು ನಂಬಿ ದೋಣಿ ಹತ್ತುತ್ತಿದ್ದರು. ಇಷ್ಟು ವರ್ಷದಲ್ಲಿ ಒಬ್ಬರನ್ನೂ ಅವಳು ಹೊಳೆಗೆ ಕೊಟ್ಟಿರಲಿಲ್ಲ.

ಹಳೆಯ ದೋಣಿ ಲಡ್ಡಾಯಿತು. ಊರ ಪಟೇಲ ಗಣಪಯ್ಯನವರು ಹೊಸದನ್ನು ಮಾಡಿಸಲು ಹೊರಟರು. ಪಟೇಲರಿಗೆ ದೋಣಿಗಿಂತ ದೋಣಿ ಇಳಿಸುವ ದಿನದ ಮೇಲೆ ಹೆಚ್ಚು ಪ್ರೀತಿ. ಎರಡು ಹಲಗೆ ಇನ್ನೂ ಜೋಡಿಯಾಗಿರಲಿಲ್ಲ, ಅಷ್ಟರಲ್ಲೇ ಮುಂದಿನ ತಿಂಗಳ ಮೊದಲ ಗುರುವಾರ ಎಂದು ನಿಶ್ಚಯಿಸಿ ಆಚೆ ದಡದ ದೊಡ್ಡವರಿಗೆಲ್ಲ ಹೇಳಿಕೆ ಕಳಿಸಿಬಿಟ್ಟಿದ್ದರು. ಚಪ್ಪರದ ಮಾವಿನ ಸೊಪ್ಪಿಗೂ ಹೇಳಿಯಾಗಿತ್ತು.

ಕೆಲಸ ಮೂವರದು. ಸುಬ್ರಾಯ ಆಚಾರಿ ಹಲಗೆ ಕೊಯ್ದು ಅಂಚಿನಲ್ಲಿ ಸಾಲಾಗಿ ತೂತು ಕೊರೆಯಬೇಕು. ಹಮ್ಮಣ್ಣ ಆ ತೂತುಗಳಲ್ಲಿ ತೆಂಗಿನ ಹುರಿ ತೂರಿಸಿ ಹಲಗೆಗೆ ಹಲಗೆ ಹೊಲಿಯಬೇಕು. ಆ ಕಡೆಯ ದೋಣಿಗೆ ಮೊಳೆ ಹೊಡೆಯುವುದಿಲ್ಲ, ಹೊಲಿಗೆಯೇ ಅದರ ಜೀವ. ಕೊನೆಗೆ ತಿಮ್ಮಕ್ಕ ಮರ ಕೊಳೆಯದಂತೆ ಒಳಗೂ ಹೊರಗೂ ಗೇರೆಣ್ಣೆ ಬಳಿಯಬೇಕು. ಮೂವರೂ ತಮ್ಮ ತಮ್ಮ ಕೆಲಸದಲ್ಲಿ ಎತ್ತಿದ ಕೈ. ಮೈಗಳ್ಳರಲ್ಲ, ಸುಳ್ಳರಂತೂ ಅಲ್ಲವೇ ಅಲ್ಲ.

ಗುರುವಾರ ಬೆಳಿಗ್ಗೆ ಪಟೇಲರು ಜರಿ ಶಾಲು ಹೊದ್ದು ದಡಕ್ಕೆ ಬಂದರು.

“ಮುಗಿಯಿತೋ?”

“ನಂದು ಹದಿನೈದು ದಿನದ ಹಿಂದೆಯೇ ಮುಗಿದದೆ,” ಎಂದ ಸುಬ್ರಾಯ ಆಚಾರಿ.

“ನಂದೂ ಮುಗಿದದೆ. ಒಂದು ಹೊಲಿಗೆ ಸಡಿಲ ಇಲ್ಲ,” ಎಂದ ಹಮ್ಮಣ್ಣ.

“ಎಣ್ಣೆ ಬಳಿದದ್ದೂ ಆಯ್ತು, ಒಣಗಿದ್ದೂ ಆಯ್ತು,” ಎಂದಳು ತಿಮ್ಮಕ್ಕ.

ಪಟೇಲರು ಮಾಸ್ತಮ್ಮನ ಕಡೆ ತಿರುಗಿದರು. “ಕೇಳಿದೆಯಲ್ಲ. ಹುಟ್ಟು ತಗೋ. ಮೊದಲ ಸುತ್ತಿಗೆ ಮೂವತ್ತು ಜನ.”

ಮಾಸ್ತಮ್ಮ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ್ದ ದೋಣಿಯನ್ನು ಒಂದು ಸುತ್ತು ಬಂದಳು. “ಒಡೆಯರೇ, ಮೂರು ಜನ ತಮ್ಮ ತಮ್ಮ ಕೆಲಸ ಮುಗಿದದೆ ಅಂದ್ರು. ದೋಣಿ ಮುಗಿದದೆ ಅಂತ ಯಾರೂ ಹೇಳ್ಲಿಲ್ಲ.”

“ಎರಡೂ ಒಂದೇ ಅಲ್ಲವೇನೇ?”

“ಒಂದೇ ಹೌದಾ ಅಲ್ವಾ ಅಂತ ಒಳಗೆ ನೀರು ಹೊಯ್ದು ನೋಡುವ. ಗೇಣುದ್ದ ನೀರು ಸಾಕು. ಕೆಳಗಿನ ಮರಳು ಸಂಜೆವರೆಗೆ ಒಣಗಿದ್ದರೆ ನಾನೇ ಹುಟ್ಟು ಹಾಕ್ತೆ. ಅಲ್ಲೀವರೆಗೆ ಹಾಕೂದಿಲ್ಲ.”

ಪಟೇಲರ ಮುಖ ಕೆಂಪಾಯಿತು. ಚಪ್ಪರದಲ್ಲಿ ಅತಿಥಿಗಳು ಕೂತಾಗಿತ್ತು. “ನಿನ್ನಿಂದ ನಾವು ಕೆಲಸ ಕಲಿಯಬೇಕೇನು? ಒಲ್ಲೆ ಅಂದರೆ ಹೇಳು. ನಾಳೆಯಿಂದ ಈ ಕಡವು ಬೇರೆಯವರದು.”

ಮಾಸ್ತಮ್ಮನಿಗೆ ಹೆದರಿಕೆಯಾಯಿತು. ಕಡವು ಹೋದರೆ ಮನೆಯ ಒಲೆ ಉರಿಯುವುದಿಲ್ಲ. ಆದರೆ ಮೂವತ್ತು ಜನರನ್ನು ನಡುಹೊಳೆಗೆ ಒಯ್ಯಬೇಕಾದವಳು ಅವಳೇ ಹೊರತು ಪಟೇಲರಲ್ಲ.

“ಬೇರೆಯವರಿಗೇ ಕೊಡಿ ಒಡೆಯರೇ,” ಎಂದಳು. “ಬರುವವರಿಗೂ ನಾ ಇದನ್ನೇ ಹೇಳ್ತೆ.”

ಹಾಗೆಂದು ಸೀರೆ ಎತ್ತಿಕಟ್ಟಿ, ಕೊಡ ತೆಗೆದುಕೊಂಡು ಹೊಳೆಗೆ ಇಳಿದಳು. ಒಂದು ಕೊಡ ಹೊಯ್ದಳು. ಎರಡು ಹೊಯ್ದಳು. ಯಾರೂ ಅಲುಗಾಡಲಿಲ್ಲ. ಮೂರನೆಯದಕ್ಕೆ ಇಳಿಯುವಾಗ ಸಂತೆಗೆ ಹೊರಟಿದ್ದ ಮೀನಿನ ಹೆಂಗಸರು ಬುಟ್ಟಿ ಕೆಳಗಿಟ್ಟು, ಒಬ್ಬೊಬ್ಬರಾಗಿ ಚಪ್ಪರದ ಬಳಿಯಿದ್ದ ಕೊಡ ಹಿಡಿದು ಅವಳ ಹಿಂದೆ ಬಂದರು. ದೋಣಿ ಹತ್ತುವವರು ಅವರೇ ತಾನೆ.

ನೀರು ನಾಲ್ಕು ಬೆರಳು ಏರಿತೋ ಇಲ್ಲವೋ, ಹೊಲಿಗೆಯ ಸಾಲುದ್ದಕ್ಕೂ ತೊಟ್ಟಿಕ್ಕಲು ಶುರುವಾಯಿತು. ನೋಡನೋಡುತ್ತ ಮರಳಿನಲ್ಲಿ ಕಾಲುವೆಯೇ ಹರಿಯಿತು.

ಹುರಿ ತೂರಿಸಿದ ಮೇಲೆ ತೂತಿನಲ್ಲಿ ಸಂದು ಉಳಿಯುತ್ತದೆ. ಅದಕ್ಕೆ ನಾರು ತುರುಕಿ ರಾಳ ಹಾಕಬೇಕು. ಅದನ್ನು ಯಾರೂ ಮಾಡಿರಲಿಲ್ಲ. ಕೊರೆಯುವುದಷ್ಟೇ ನನ್ನದು, ಮುಚ್ಚುವುದು ಹೊಲಿಯುವವನದು ಎಂದುಕೊಂಡಿದ್ದ ಆಚಾರಿ. ಎಣ್ಣೆ ಬಳಿಯುವವಳು ಮುಚ್ಚಿಯೇ ಬಳಿಯುತ್ತಾಳೆ ಎಂದುಕೊಂಡಿದ್ದ ಹಮ್ಮಣ್ಣ. ತಿಮ್ಮಕ್ಕನೋ, ಇಬ್ಬರು ಗಂಡಸರು ಮುಗಿದಿದೆ ಅಂದ ಮೇಲೆ ತೂತು ಯಾಕೆ ನೋಡಲಿ ಎಂದು ಬಳಿದು ಎದ್ದಿದ್ದಳು. ಮೂವರೂ ನಿಜ ಹೇಳಿದ್ದರು, ಆದರೂ ದೋಣಿ ಸೋರುತ್ತಿತ್ತು.

ಪಟೇಲರು ಸೋಲೊಪ್ಪಲಿಲ್ಲ. “ಮೇಣ ಮೆತ್ತಿ ಒಂದೇ ಒಂದು ಸುತ್ತು ಹೋಗಿಬನ್ನಿ. ಉಳಿದದ್ದು ನಾಳೆ ಮಾಡಿದರಾಯಿತು. ಬೆಳಿಗ್ಗೆ ಮುಗಿದಿದೆ ಅಂದವರು ನೀವೇ ಅಲ್ಲವಾ?”

ಹಮ್ಮಣ್ಣ ನಾಚಿಕೆಯಿಂದ ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ತಲೆ ಎತ್ತಿದ. “ಬೆಳಿಗ್ಗೆ ಹೇಳಿದ್ದು ನನ್ನ ಹುರಿ ಮಾತು ಒಡೆಯರೇ. ದೋಣಿ ಮುಗಿದಿಲ್ಲ.”

“ಮುಗಿದಿಲ್ಲ,” ಎಂದ ಆಚಾರಿ.

“ಮರಳು ಒಣಗಿರಬೇಕು ಅಂತ ಮಾಸ್ತಕ್ಕ ಹೇಳಿದ್ದೇ ಸರಿ,” ಎಂದಳು ತಿಮ್ಮಕ್ಕ. “ಇನ್ನು ನಮ್ಮ ಮೂವರಿಗೂ ಮುಗಿಯೂದು ಅಂದರೆ ಅದೇ. ಅಲ್ಲೀವರೆಗೆ ಆ ಮಾತು ನಮ್ಮ ಬಾಯಲ್ಲಿ ಬರೂದಿಲ್ಲ.”

ಅತಿಥಿಗಳು ಪಾನಕ ಕುಡಿದು ಬಂದ ದಾರಿ ಹಿಡಿದರು. ಬೇರೆ ಅಂಬಿಗನನ್ನು ಹುಡುಕಲು ಪಟೇಲರು ಏಳೂರಿಗೆ ಆಳು ಅಟ್ಟಿದರು. ಸುದ್ದಿ ಅಷ್ಟರಲ್ಲೇ ಹರಡಿತ್ತು. ಆಳು ಕೇಳಿದ ಅಂಬಿಗರೆಲ್ಲ, ಮರಳು ಒಣಗಿದೆಯಾ, ಎಂದು ತಿರುಗಿ ಕೇಳಿದರು. ಆಳು ಬರಿಗೈಯಲ್ಲಿ ವಾಪಸು ಬಂದ.

ಇತ್ತ ಮೂವರೂ ಕೂಡಿ ಒಂದೊಂದೇ ತೂತು ಮುಚ್ಚಿದರು. ಮತ್ತೆ ಎಣ್ಣೆ ಬಳಿದು ಒಣಗಿಸಿದರು. ಒಂಬತ್ತನೆಯ ದಿನ ಬೆಳಿಗ್ಗೆ ದೋಣಿಗೆ ನೀರು ತುಂಬಿ ಕಾದು ಕೂತರು. ಸಂಜೆ ಪಟೇಲರು ಬಂದು ಗಂಟಲು ಸರಿಮಾಡಿಕೊಂಡರು.

“ಈಗಲಾದರೂ ಮುಗಿಯಿತೋ?”

ಮಾಸ್ತಮ್ಮ ದೋಣಿಯ ಅಡಿಗೆ ಕೈ ತೋರಿಸಿದಳು. “ನೀವೇ ನೋಡಿ ಒಡೆಯರೇ.”

ಪಟೇಲರು ಸುತ್ತ ನೋಡಿದರು. ಮೀನಿನ ಹೆಂಗಸರೆಲ್ಲ ಅವರನ್ನೇ ನೋಡುತ್ತಿದ್ದರು. ಜೀವಮಾನದಲ್ಲಿ ಯಾರಿಗೂ ಬಗ್ಗದ ಪಟೇಲರು ಪಂಚೆ ಮೇಲೆತ್ತಿ, ಮಂಡಿಯೂರಿ, ದೋಣಿಯ ಅಡಿಗೆ ತೂರಿದರು. ಈ ತುದಿಯಿಂದ ಆ ತುದಿಯವರೆಗೆ ಮರಳು ಮುಟ್ಟಿ ಮುಟ್ಟಿ ನೋಡಿದರು. ಹೊರಗೆ ಬಂದು ಅಂಗೈಗೆ ಅಂಟಿದ್ದ ಒಣ ಮರಳು ಕೊಡವಿದರು.

“ಮುಗಿದಿದೆ,” ಎಂದರು.

ಮಾಸ್ತಮ್ಮ ಹುಟ್ಟು ಕೈಗೆತ್ತಿಕೊಂಡಳು.

ನೀತಿ: ನಾಲ್ಕು ಜನ ಸೇರಿ ಮಾಡುವ ಕೆಲಸದಲ್ಲಿ “ನನ್ನ ಕಡೆಯಿಂದ ಆಯ್ತು” ಎಂದರೆ ಏನೂ ಆಗಿಲ್ಲ ಎಂದೇ ಲೆಕ್ಕ, ಅದು ದೋಣಿಯಾಗಲಿ, ನಿಮ್ಮ ಆಫೀಸಿನ ಸಾಫ್ಟ್‌ವೇರ್ ಆಗಲಿ. ಮುಗಿಯುವುದು ಎಂದರೇನು ಎಂದು ಶುರುವಿನಲ್ಲೇ ಎಲ್ಲರೂ ಕೂತು ಒಪ್ಪಿಕೊಳ್ಳಿ. ಒಪ್ಪಿದ ಮೇಲೆ ಎಂಥ ದೊಡ್ಡವರು ಅವಸರ ಮಾಡಿದರೂ ಮುಗಿಯದ್ದನ್ನು ಮುಗಿದಿದೆ ಎನ್ನಬೇಡಿ.